ಮೇಲಿನ ಮನೆಯ ಹಾಡು, ಕೆಳಗಿನ ಮನೆಯ ದನಿ

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಯಜಮಾನರು ಪೇಪರ್ ಮಡಿಸಿ ನನ್ನ ಮುಂದಿಟ್ಟು, "ಇವರು ನಮ್ಮ ಮೇಲಿನ ಮನೆಯಲ್ಲಿದ್ದೋರಲ್ವಾ ನೋಡು" ಅಂದರು. ಒಳಪುಟದಲ್ಲಿ ಅಂಗೈಯಗಲದ ಸುದ್ದಿ. ಫೋಟೋದಲ್ಲಿ ಭುಜದವರೆಗೆ ಕೂದಲು ಬಿಟ್ಟು ಗಿಟಾರ್ ಹಿಡಿದ ಹುಡುಗ. ನಾನು ಕಂಡಾಗ ಅವರಿಗೆ ಅರ್ಧ ತಲೆ ನರೆತಿತ್ತು, ಓದುವ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಅಭ್ಯಾಸವಿತ್ತು. ಕಣ್ಣು ನೋಡಿ ಗುರುತು ಹಿಡಿದೆ. ಕನ್ನಡದಲ್ಲಿ ರಾಕ್ ಹಾಡಿದ ಹಳೆಯ ಬ್ಯಾಂಡೊಂದರ ಗಾಯಕರು ಕೆಂಗೇರಿಯ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು, ಆ ಬ್ಯಾಂಡಿನ ಹಾಡುಗಳನ್ನು ಜನ ಇಂದಿಗೂ ಮರೆತಿಲ್ಲ ಅಂತ ಬರೆದಿದ್ದರು. ಬ್ಯಾಂಡ್ ಬಿಟ್ಟ ಮೇಲೆ ಅವರು ಒಬ್ಬರೇ ಕೂತು ಮಾಡಿದ ಹಾಡುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅವತ್ತಿನಿಂದ ನನಗೆ ಒಂದೇ ತಳಮಳ. ಆ ಸಾಲು ಇಲ್ಲದೆ ಹೋದದ್ದರಲ್ಲಿ ನನ್ನ ಕೈವಾಡ ಎಷ್ಟು ಅಂತ. ಯಜಮಾನರಿಗೆ ಹೇಳಿದರೆ, "ನಿನ್ನ ಮಾತು ಕೇಳಿ ನಾನೇ ಒಂದು ಶರ್ಟು ಬದಲಾಯಿಸಿಲ್ಲ, ಅವರು ಜೀವನ ಬದಲಾಯಿಸ್ತಾರಾ?" ಅಂದರು. ಅವರಿಗೆ ಎಲ್ಲ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೋವಿಂದರಾಜನಗರದ ನಮ್ಮ ಮನೆಯ ಮೇಲ್ಗಡೆ ಅವರು ಆರು ವರ್ಷ ಬಾಡಿಗೆಗಿದ್ದರು. ಮನೆ ನೋಡಲು ಬಂದ ದಿನ ಬೆನ್ನಿಗೆ ಗಿಟಾರ್ ಇತ್ತು. ಒಬ್ಬರೇ, ಸಂಸಾರ ಇಲ್ಲ, ಕೆಲಸ ಸಂಗೀತ. ಇವರು ಬೇಡ ಅನ್ನುವ ಹಾಗೆ ನಾನು ಯಜಮಾನರಿಗೆ ಕಣ್ಣಲ್ಲೇ ಸನ್ನೆ ಮಾಡಿದ್ದೆ. ರಾಕ್ ಅಂದರೆ ಕಿರುಚಾಟ, ಕುಡಿತ ಅಂತ ನನ್ನ ತಲೆಯಲ್ಲಿತ್ತು. ಅವರು ಅದನ್ನು ನೋಡಿದರೋ ಏನೋ, ತಾವೇ ಹೇಳಿದರು: "ಬೆಳಿಗ್ಗೆ ಹನ್ನೊಂದರಿಂದ ಒಂದು ಗಂಟೆ ತನಕ ನಂಗೆ ಕೊಡಿ ಅಕ್ಕ. ಸಾಯಂಕಾಲ ನೀವು ದೀಪ ಹಚ್ಚೋ ಹೊತ್ತಿಗೆ ನಂದು ಪೂರ್ತಿ ಬಂದ್." ಆರು ವರ್ಷದಲ್ಲಿ ಆ ಮಾತು ಒಂದು ದಿನವೂ ತಪ್ಪಲಿಲ್ಲ. ಏಕಾದಶಿ ದಿನ ನಾನು ಹೇಳದೇ ಇದ್ದರೂ ದೊಡ್ಡ ಸ್ಪೀಕರ್ ಹಾಕುತ್ತಿರಲಿಲ್ಲ. ದಿನಕ್ಕೆ ಮೂರು ಒಳ್ಳೆಯದನ್ನು ದೇವರ ಮುಂದೆ ಹೇಳಿಕೊಂಡು ಮಲಗುವುದು ನನ್ನ ರೂಢಿ. ಹಾಲು ಉಕ್ಕಲಿಲ್ಲ, ಮಗಳು ಹೊತ್ತಿಗೆ ಮನೆಗೆ ಬಂದಳು, ಅಷ್ಟೇ ಸಣ್ಣವು. ಒಳ್ಳೆಯ ಬಾಡಿಗೆಯವರು ಸಿಕ್ಕರು ಅನ್ನುವುದು ಅದರಲ್ಲಿ ಎಷ್ಟೋ ಸಲ ಬಂದಿದೆ.

ಮೆಟ್ಟಿಲು ಇಳಿಯುವಾಗ ಬಾಯಲ್ಲೇ ಒನ್ ಟೂ ತ್ರೀ ಫೋರ್ ಅಂತ ಎಣಿಸುತ್ತಿದ್ದರು. ಹದಿನಾರು ಮೆಟ್ಟಿಲಿಗೆ ನಾಲ್ಕು ಸಲ. ಬೀಳುವ ಹೆದರಿಕೆಯೇನೋ ಅಂತ ನಾನು ಯಜಮಾನರಿಗೆ ಹೇಳಿ ಮಗ್ಗುಲಿಗೆ ಕಂಬಿ ಹಾಕಿಸಿದೆ. ಆಮೇಲೆ ಮಗಳು ನಕ್ಕಳು: "ಅಮ್ಮ, ಅದು ತಾಳ ಕಣಮ್ಮ."

ಮೊದಲ ವರ್ಷದ ಆಯುಧಪೂಜೆಗೆ ಸ್ಕೂಟರು, ಮಿಕ್ಸಿ, ಹೊಲಿಗೆ ಮಿಷನ್ ಎಲ್ಲಕ್ಕೂ ಕುಂಕುಮ ಇಟ್ಟು ಮೇಲಕ್ಕೂ ಹೋದೆ. ಗಿಟಾರನ್ನು ಹಾಸಿಗೆ ಮೇಲೆ ಮಲಗಿಸಿಕೊಟ್ಟರು. ವಿಭೂತಿ, ಕುಂಕುಮ, ಒಂದು ಸೇವಂತಿಗೆ. ಯಜಮಾನರು ಹಿಂದಿನಿಂದ, "ನಿಂಬೆಹಣ್ಣು ಎಲ್ಲಿಡೋದು? ಇದಕ್ಕೆ ಚಕ್ರ ಇಲ್ವಲ್ಲ" ಅಂದರು. ಅವರು ಗಂಭೀರವಾಗಿ ಸ್ಪೀಕರ್ ಡಬ್ಬದ ಮುಂದೆ ಜಾಗ ತೋರಿಸಿದರು. ಕುಂಕುಮ ಮರದ ಮೇಲೆ ಕಲೆಯಾಗಿ ನಿಂತಿತು. ಒರೆಸಿಬಿಡಿ ಅಂತ ನಾನು ಎಷ್ಟು ಹೇಳಿದರೂ ಒರೆಸಲಿಲ್ಲ.

ಅವರ ಮಾತೆಲ್ಲ ಅಡುಗೆಮನೆಯದು. ಹಾಡು ಹೇಗಾಯಿತು ಅಂತ ಕೇಳಿದರೆ "ಇನ್ನೂ ಬೆಂದಿಲ್ಲ ಅಕ್ಕ" ಅನ್ನುತ್ತಿದ್ದರು. ಚೆನ್ನಾಗಿ ಬಂದ ದಿನ, "ಇವತ್ತು ವಿಸಿಲ್ ಬಂತು."

ಬಂದ ಹೊಸತರಲ್ಲೇ ಮಗಳು ಅವರ ಗುರುತು ಹಿಡಿದಿದ್ದಳು. ಫೋನ್ ತಂದು, "ಅಮ್ಮ, ಇವರು ಎಷ್ಟು ಫೇಮಸ್ ಗೊತ್ತಾ? ಕೇಳು" ಅಂತ ಹಾಕಲು ಹೊರಟಿದ್ದಳು, ಅಷ್ಟರಲ್ಲಿ ಅವರೇ ಯಾವುದಕ್ಕೋ ಬಾಗಿಲಿಗೆ ಬಂದರು. ಫೋನ್ ನೋಡಿ ಮುಖ ಸಣ್ಣಗಾಯಿತು.

"ಒಂದು ಉಪಕಾರ ಮಾಡ್ತೀರಾ ಅಕ್ಕ? ಅದನ್ನ ಕೇಳ್ಬೇಡಿ."

"ಯಾಕೆ, ಕೆಟ್ಟದಾಗಿದೆಯಾ?"

"ಚೆನ್ನಾಗಿದೆ. ಅದೇ ಕಷ್ಟ. ನಂಗೆ ಗೊತ್ತಿರೋರೆಲ್ಲ ಹೊಸ ಹಾಡು ಕೇಳ್ತಾನೇ ಹಳೇದನ್ನ ಪಕ್ಕಕ್ಕೆ ಇಟ್ಕೋತಾರೆ. ಬ್ಯಾಂಡಲ್ಲಿದ್ದಾಗಿನ ಹಾಗೆ ಇಲ್ಲ ಗುರು ಅಂತಾರೆ. ಹಳೇದು ಕೇಳದೇ ಇರೋ ಕಿವಿ ಅಂತ ಇರೋದು ಈ ಬೀದೀಲಿ ನಿಮ್ಮದೊಂದೇ."

ನಾನು ಆಯ್ತು ಅಂದೆ. ಆಣೆ ಪ್ರಮಾಣ ಮಾಡುವ ಅಭ್ಯಾಸ ನನಗಿಲ್ಲ. ಆಯ್ತು ಅಂದರೆ ಆಯ್ತು.

ಈಗ ನನ್ನದೊಂದು ವಿಷಯ ಹೇಳಬೇಕು. ಆರ್‌ಪಿಸಿ ಲೇಔಟಿನ ಗುಡಿಯಲ್ಲಿ ಶನಿವಾರ ನಮ್ಮ ಹೆಂಗಸರ ಭಜನೆ. ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದವರು ಅದರ ಕೊನೆಯನ್ನು ಹಿಂದೆ ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ನಾನು ಹಿಂದೆ ಹೇಳುವವಳು. ಎತ್ತಿಕೊಡು ಅಂದರೆ ಗಂಟಲು ಕಟ್ಟುತ್ತದೆ. ಆದರೆ ಯಾರಾದರೂ ಒಂದು ಸಾಲು ಹೇಳಿ ನಿಲ್ಲಿಸಿದರೆ ಸಾಕು, ಬಾಯಿ ತಾನಾಗಿ ಹಿಂದೆ ಹೋಗುತ್ತದೆ.

ನಮ್ಮ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಜಾಗ. ಅದರ ನೆತ್ತಿಯ ಮೇಲೇ ಅವರ ಕೋಣೆಯ ಕಿಟಕಿ. ಹನ್ನೊಂದು ಗಂಟೆಗೆ ನಾನು ಸೊಪ್ಪು ಬಿಡಿಸಿಕೊಂಡು ಕೂತರೆ ಮೇಲಿನ ಹಾಡು ಅಲ್ಲಿಗೆ ಇಳಿಯುತ್ತಿತ್ತು. ಕಿರುಚಾಟ ಇರಲಿಲ್ಲ. ಒರಟು ದನಿ, ಕೆಳಗಡೆ ಗಿಟಾರ್. ಒಂದು ಹಾಡು ಬಟ್ಟೆಯದು. ಒಂದು ಮಧ್ಯಾಹ್ನ ಅವರು ಹೊರಗೆ ಹೋಗಿದ್ದಾಗ ಮೋಡ ಕವಿಯಿತು ಅಂತ ತಾರಸಿಯಲ್ಲಿ ಒಣಗುತ್ತಿದ್ದ ಅವರ ಅಂಗಿಗಳನ್ನು ನಾನೇ ಎತ್ತಿ ಮಡಿಸಿಟ್ಟಿದ್ದೆ. ಮಾರನೇ ತಿಂಗಳು ಅದು ಹಾಡಾಗಿತ್ತು. ಒಣಹಾಕಿದ್ದನ್ನು ಯಾರೋ ಎತ್ತಿಟ್ಟರು, ಮಳೆ ಬರುವ ಮೊದಲು. ಇಷ್ಟು ಹಾಡಿ ನಿಲ್ಲಿಸುತ್ತಿದ್ದರು. ಗಿಟಾರೂ ನಿಲ್ಲುತ್ತಿತ್ತು. ಆ ಜಾಗದಲ್ಲಿ ನಾನು ಕೆಳಗೆ ಸೊಪ್ಪು ಬಿಡಿಸುತ್ತಾ "ಮಳೆ ಬರುವ ಮೊದಲು" ಅಂತ ಹಿಂದೆ ಹೇಳುತ್ತಿದ್ದೆ. ಅವರ ಎಲ್ಲ ಹಾಡಲ್ಲೂ ಇಂಥ ಬಿಡುವು ಇರುತ್ತಿತ್ತು, ನಾನು ಎಲ್ಲದಕ್ಕೂ ಹೇಳುತ್ತಿದ್ದೆ. ಮೂರು ವರ್ಷ ಹೀಗೇ ನಡೆಯಿತು. ಕೇಳಿಸೀತು ಅನ್ನುವ ಯೋಚನೆಯೇ ನನಗೆ ಬಂದಿರಲಿಲ್ಲ.

ನಾಲ್ಕನೇ ವರ್ಷ ಒಂದು ದಿನ ಅವರ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವರು ಬಂದರು. ದಪ್ಪನೆಯ ಮನುಷ್ಯ, ಲಗ್ಗೆರೆಯಲ್ಲಿ ಸ್ವಂತ ವರ್ಕ್‌ಶಾಪು. ಮೇಲೆ ಎರಡು ಗಂಟೆ ಜೋರು ಮಾತು. ಇಳಿದು ಬಂದು ನಮ್ಮ ಕೊನೆ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಾ ನೀರು ಕೇಳಿದರು. ನಾನು ಮಜ್ಜಿಗೆ ಕೊಟ್ಟೆ.

"ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ ಅಕ್ಕ ಅವನಿಗೆ. ನಾಲ್ಕೂ ಜನ ಮತ್ತೆ ಸೇರ್ತಿದೀವಿ. ಊರೂರಲ್ಲಿ ಪ್ರೋಗ್ರಾಂ, ಒಂದು ವರ್ಷ. ಇವನು ನನ್ನ ಹಾಡೇ ಸಾಕು ಅಂತ ಕೂತಿದಾನೆ."

"ಅವರ ಹಾಡು ಚೆನ್ನಾಗಿದೆಯಲ್ಲಪ್ಪ."

"ನೀವು ನಮ್ಮದು ಕೇಳಿದೀರಾ?"

"ಇಲ್ಲ."

"ಹಂಗಾದ್ರೆ ನಿಮಗೇನು ಗೊತ್ತಾಗತ್ತೆ? ಒಂದ್ಸಲ ಕೇಳಿ, ಆಮೇಲೆ ಹೇಳಿ. ಹದಿನೈದು ದಿನ ಟೈಮ್ ಕೊಟ್ಟಿದೀವಿ. ಶುಗರ್ ಇದೆ, ಹಿಂದೆ ಮುಂದೆ ಯಾರೂ ಇಲ್ಲ. ಒಬ್ಬನೇ ಕೂತು ಹಾಡಿದ್ರೆ ಯಾರು ಬರ್ತಾರೆ ಕೇಳಕ್ಕೆ?"

ಆ ಕೊನೆಯ ಮಾತು ಹೊಟ್ಟೆಯೊಳಗೆ ಕೂತಿತು. ನಿಜವೇ ಅಲ್ಲವೇ, ಇಷ್ಟು ವರ್ಷದಲ್ಲಿ ಅವರ ಹಾಡು ಕೇಳಲು ಅಂತ ಯಾರೂ ನಮ್ಮ ಗೇಟು ತೆಗೆದದ್ದು ನಾನು ನೋಡಿರಲಿಲ್ಲ. ಎರಡು ದಿನ ತಡೆದೆ. ಮೂರನೇ ದಿನ ಅವರೆಕಾಳು ಹಿಸುಕುತ್ತಾ ಮಗಳಿಗೆ, "ಅದೇನದು, ಹಾಕು ನೋಡೋಣ" ಅಂದೆ.

"ಬೇಡ ಅಂದಿದ್ರಲ್ಲಮ್ಮ ಅವರು?"

"ಹಾಕು ಅಂದ್ರೆ ಹಾಕೇ."

ನಾಲ್ಕು ಹಾಡು ಕೇಳಿದೆ. ಸುಳ್ಳು ಹೇಳಲಾರೆ, ತುಂಬ ಚೆನ್ನಾಗಿತ್ತು. ಹಿಸುಕುವ ಕೈ ನಿಂತು ಕಾಲು ತಾಳ ಹಾಕತೊಡಗಿತ್ತು. ಅವರು ಒಂದು ಸಾಲು ಹಾಡಿ ನಿಲ್ಲಿಸಿದರೆ ಉಳಿದ ಮೂವರು ಒಟ್ಟಿಗೆ ಮೇಲೆ ಬೀಳುತ್ತಿದ್ದರು, ಡ್ರಮ್ಮು ಎದೆಗೇ ಬಾರಿಸಿದ ಹಾಗೆ. ಆಗ ನನಗೆ ಗೊತ್ತಾಯಿತು, ಮೇಲಿನ ಮನೆಯ ಹಾಡುಗಳಲ್ಲಿ ಬಿಡುವು ಎಲ್ಲಿಂದ ಬಂತು ಅಂತ. ಬ್ಯಾಂಡ್ ಹೋಗಿದ್ದರೂ ಅವರು ಹಳೆಯ ಅಭ್ಯಾಸದಿಂದ ಆ ಮೂವರಿಗೆ ಜಾಗ ಬಿಡುತ್ತಲೇ ಇದ್ದರು.

ಮಾರನೇ ದಿನ ಹನ್ನೊಂದು ಗಂಟೆಗೆ ಬಟ್ಟೆಯ ಹಾಡು ಇಳಿದು ಬಂತು. ಮಳೆ ಬರುವ ಮೊದಲು, ಅಂತ ನಿಂತಿತು. ನನ್ನ ಬಾಯಿ ಏಳಲಿಲ್ಲ. ಮೂರು ವರ್ಷ ಅಲ್ಲಿ ನನಗೆ ಕೊರತೆ ಅಂತ ಏನೂ ಕಂಡಿರಲಿಲ್ಲ. ಈಗ ಬರೀ ಡ್ರಮ್ ಇಲ್ಲದ್ದು ಕೇಳಿಸಿತು. ಊಟಕ್ಕೆ ಕೂತವರ ಮಧ್ಯೆ ಖಾಲಿ ಎಲೆ ಹಾಕಿದ ಹಾಗೆ. ಸುಮ್ಮನೆ ಸೊಪ್ಪು ಬಿಡಿಸಿದೆ. ಮಾರನೇ ದಿನವೂ ಹಾಗೇ, ಅದರ ಮಾರನೇ ದಿನವೂ. ಕೊಟ್ಟ ಮಾತು ಮುರಿದು ನನ್ನ ಕಿವಿಯನ್ನೇ ಕೆಡಿಸಿಕೊಂಡಿದ್ದೆ. ಆ ವಾರ ರಾತ್ರಿ ದೇವರ ಮುಂದೆ ಹೇಳಲು ಮೂರು ಒಳ್ಳೆಯದು ಸಿಗುತ್ತಿರಲಿಲ್ಲ. ಅವರು ಬ್ಯಾಂಡಿಗೆ ಹೋಗಲಿ ಅಂತ ಬೇಡಿಕೊಳ್ಳಲೋ, ಹೋಗದಿರಲಿ ಅಂತಲೋ, ಅದೂ ತಿಳಿಯದೆ ಬರೀ ಕೈ ಮುಗಿದು ಏಳುತ್ತಿದ್ದೆ.

ಹತ್ತನೇ ದಿನ, ನಾನು ಹುಳಿ ಹಾಕಿ ಕೊಟ್ಟಿದ್ದ ಡಬ್ಬಿ ವಾಪಸು ಮಾಡಲು ಅವರು ಇಳಿದು ಬಂದರು.

"ಗಂಟಲು ಸರಿಯಿಲ್ವಾ ಅಕ್ಕ?"

"ಚೆನ್ನಾಗಿದೆಯಲ್ಲ, ಯಾಕೆ?"

"ಒಂದು ವಾರದಿಂದ ಕೆಳಗಡೆಯಿಂದ ದನೀನೇ ಇಲ್ಲ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಕೇಳಿಸ್ತಿತ್ತಾ ನಿಮಗೆ?"

"ಮೊದಲನೇ ತಿಂಗಳಿಂದ." ಡಬ್ಬಿಯ ಮುಚ್ಚಳ ತಿರುಗಿಸುತ್ತಾ ನಿಂತರು. "ಹಳೇದು ಕೇಳಿದ್ರಿ, ಅಲ್ವಾ?"

"ಕೇಳಿದೆ. ತಪ್ಪಾಯ್ತು."

"ಹೆಂಗಿದೆ?"

"ಚೆನ್ನಾಗಿದೆ."

"ಈಗಿನದಕ್ಕಿಂತ?"

"ಎರಡೂ ನಿಮ್ಮದೇ ಅಲ್ವಾ."

"ತಪ್ಪಿಸ್ಕೋಬೇಡಿ ಅಕ್ಕ. ಸೋಮವಾರ ಅವರಿಗೆ ಹೇಳ್ಬೇಕು ನಾನು."

"ಹಳೇದೇ ಚೆನ್ನಾಗಿದೆ," ಅಂದೆ.

ಅವರು ತಲೆಯಾಡಿಸಿದರು. "ಬೆಂದಿಲ್ಲ ಅಂದ್ರೆ ಬೆಂದಿಲ್ಲ ಅನ್ನೋರು ಒಬ್ರಾದ್ರೂ ಇದಾರಲ್ಲ," ಅಂತ ನಗಲು ನೋಡಿದರು. ಮೇಲೆ ಹೋಗುವಾಗ ಒನ್ ಟೂ ತ್ರೀ ಫೋರ್ ಕೇಳಿಸಲಿಲ್ಲ.

ಅವತ್ತು ಸಾರಿಗೆ ಉಪ್ಪು ಎರಡು ಸಲ ಹಾಕಿದ್ದೆ. ನಾನು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ ಅಂತ ಒಳಗೆ ಕೊರೆಯುತ್ತಿತ್ತು. ಪೂರ್ತಿ ಯಾವುದು ಅಂತ ಹೊಳೆದದ್ದು ಎರಡು ದಿನ ಬಿಟ್ಟು, ಗುಡಿಯಲ್ಲಿ. ಅವತ್ತು ಭಜನೆಗೆ ಹಾರ್ಮೋನಿಯಂ, ತಬಲಾ ಎಲ್ಲ ತರಿಸಿ ಚೆನ್ನಾಗಿ ಹಾಡುವ ಒಬ್ಬರನ್ನು ಕರೆಸಿದ್ದರು. ಬಹಳ ಚೆನ್ನಾಗಿ ಹಾಡಿದರು. ನಾವೆಲ್ಲ ಬಾಯಿ ಮುಚ್ಚಿಕೊಂಡು ಕೇಳಿ, ಕೈ ತಟ್ಟಿ, ಪ್ರಸಾದ ತಗೊಂಡು ಎದ್ದೆವು. ಹಿಂದೆ ಹೇಳಲು ಎಲ್ಲೂ ಜಾಗವಿರಲಿಲ್ಲ. ಬ್ಯಾಂಡಿನ ಹಾಡೂ ಹಾಗೇ ಅಲ್ಲವೇ, ನಾನು ಕಾಲು ಕುಣಿಸಿದೆ, ಬಾಯಿ ತೆರೆಯಲಿಲ್ಲ. ಈ ಮನುಷ್ಯ ಒಬ್ಬರೇ ಹಾಡಿದ್ದರಿಂದ ನನ್ನಂಥವಳೂ ಮೂರು ವರ್ಷ ಅದರೊಳಗೆ ಹಾಡಿದ್ದೆ.

ಇದನ್ನು ಹೇಳಬೇಕು ಅಂತ ಭಾನುವಾರ ಎರಡು ಸಲ ಮೆಟ್ಟಿಲು ಹತ್ತಿ ಅವರ ಬಾಗಿಲ ತನಕ ಹೋದೆ. ಸಂಗೀತ ಮಾಡಿದವರಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ ಅಂತ ಎರಡು ಸಲವೂ ಇಳಿದು ಬಂದೆ.

ಸೋಮವಾರ ಹನ್ನೊಂದು ಗಂಟೆಗೆ ಮೇಲೆ ಗಿಟಾರ್ ಶುರುವಾಯಿತು. ನಾನು ಕುಕ್ಕರ್ ಆರಿಸಿ ಹಿಂದಕ್ಕೆ ಹೋಗಿ ಕಿಟಕಿಯ ನೇರಕ್ಕೆ ನಿಂತೆ. ಬಟ್ಟೆಯ ಹಾಡೇ ಬಂತು. ಮಳೆ ಬರುವ ಮೊದಲು, ಅಂತ ನಿಂತಿತು. ನಾನು ತಲೆಯೆತ್ತಿ, ಗುಡಿಯಲ್ಲಿ ಹೇಳುವಷ್ಟೇ ಜೋರಾಗಿ, "ಮಳೆ ಬರುವ ಮೊದಲು" ಅಂದೆ. ಮೇಲೆ ಸದ್ದಿಲ್ಲ. ಸಿಟ್ಟು ಬಂತೇನೋ ಅಂತ ಸೆರಗು ಹಿಡಿದುಕೊಂಡು ನಿಂತೆ. ಆಮೇಲೆ ಮುಂದಿನ ಸಾಲು ಬಂತು. ಮತ್ತೆ ನಿಂತಿತು, ಈ ಸಲ ಬಿಡುವು ಮೊದಲಿಗಿಂತ ಉದ್ದ ಅನ್ನಿಸಿತು. ಸಾಲು ಮರೆತರೋ, ನನಗೇ ಬಿಟ್ಟರೋ, ಗೊತ್ತಾಗಲಿಲ್ಲ. ನಾನು ಹೇಳಿದೆ.

ಅವತ್ತು ಮಧ್ಯಾಹ್ನ ಅವರು ಬ್ಯಾಂಡಿನವರಿಗೆ ಬರಲ್ಲ ಅಂದುಬಿಟ್ಟರು.

ನನ್ನಿಂದ ಅಂತ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಬ್ಯಾಂಡಿನವರು ಬೇರೆ ಗಾಯಕನನ್ನು ಹಾಕಿಕೊಂಡು ಊರೂರು ತಿರುಗಿದರು, ಮೈದಾನ ತುಂಬುತ್ತಿತ್ತಂತೆ. ಇವರು ಮಾರನೇ ವರ್ಷ ಆರು ಹಾಡು ರೆಕಾರ್ಡ್ ಮಾಡಿ ಬಸವೇಶ್ವರನಗರದ ಸಣ್ಣ ಹಾಲ್‌ನಲ್ಲಿ ಒಂದು ಕಾರ್ಯಕ್ರಮ ಇಟ್ಟರು. ನಮ್ಮನ್ನು ಎರಡನೇ ಸಾಲಿನಲ್ಲಿ ಕೂರಿಸಿದರು. ನಲವತ್ತು ಜನ ಇದ್ದರೇನೋ. ಗಿಟಾರಿನ ಮೇಲೆ ಕುಂಕುಮದ ಕಲೆ ಕಾಣುತ್ತಿತ್ತು. ಬಟ್ಟೆಯ ಹಾಡು ಬಂತು, ಬಿಡುವು ಬಂತು. ಅವರು ನಮ್ಮ ಕಡೆ ನೋಡಿದರು. ಪಕ್ಕದಲ್ಲಿ ಪ್ಯಾಂಟು ಹಾಕಿದ ಹುಡುಗಿಯರು, ಮುಂದೆ ಯಾರೋ ದೊಡ್ಡವರು. ನಾನು ಬಾಯಿ ಬಿಡಲಿಲ್ಲ. ಯಾರೋ ಕೆಮ್ಮಿದರು. ಹಿಂದಿನಿಂದ ಒಬ್ಬರು, "ಇಲ್ಲಿ ಡ್ರಮ್ಸ್ ಇರ್ಬೇಕಿತ್ತು ಮಗಾ" ಅಂದದ್ದು ಸ್ಪಷ್ಟವಾಗಿ ಕೇಳಿಸಿತು. ಹಾಡಿನ ಮುಂದಿನ ಸಾಲುಗಳನ್ನು ಅವರು ಬಿಡುವೇ ಕೊಡದೆ ಹಾಡಿ ಮುಗಿಸಿದರು.

ಹೊರಗೆ ಬಂದಾಗ ಬೈಯಲಿಲ್ಲ, ಕೇಳಲೂ ಇಲ್ಲ. "ಕಾಫಿ ಕುಡಿದ್ರಾ ಅಕ್ಕ?" ಅಂದರು ಅಷ್ಟೇ.

ಮಗಳ ಮದುವೆಯಾದ ಮೇಲೆ ಮೇಲಿನ ಮನೆ ಅವಳಿಗೆ ಬೇಕಾಯಿತು, ಅವರು ಕೆಂಗೇರಿಗೆ ಹೋದರು. ಯುಗಾದಿಗೆ ಫೋನ್ ಮಾಡುತ್ತಿದ್ದರು. "ಏನಾದ್ರೂ ಬೇಯ್ತಿದೆಯಾ?" ಅಂತ ನಾನು ಕೇಳಿದರೆ, "ಒಲೆ ಮೇಲಿದೆ" ಅನ್ನುತ್ತಿದ್ದರು. ಅವರ ಆರು ಹಾಡನ್ನು ಮಗಳು ನನ್ನ ಫೋನಿಗೆ ಹಾಕಿಕೊಟ್ಟಿದ್ದಳು. ನಾನು ಒಂದು ಸಲವೂ ಕೇಳಲಿಲ್ಲ. ಆ ಬಿಡುವು ಬಂದರೆ ಆ ಹಾಲ್‌ನಲ್ಲಿ ಕೇಳಿದ ಕೆಮ್ಮು ನೆನಪಾದೀತು ಅನ್ನುವ ಹೆದರಿಕೆ.

ಅವರ ತಿಥಿಯ ಊಟದಲ್ಲಿ ಡ್ರಮ್ಮಿನವರು ಸಿಕ್ಕರು. ಕೈ ತೊಳೆಯುವ ಹತ್ತಿರ ನಿಲ್ಲಿಸಿ ಎಲ್ಲ ಹೇಳಿಕೊಂಡೆ. ಹಳೆಯದನ್ನು ಕೇಳಿದ್ದು, ಸೋಮವಾರ ಕಿಟಕಿ ಕೆಳಗೆ ನಿಂತದ್ದು. "ನಾನು ಸುಮ್ಮನಿದ್ದಿದ್ರೆ ಅವರು ನಿಮ್ಮ ಜೊತೆ ಬರ್ತಿದ್ರೇನೋ" ಅಂದೆ.

"ನಂಗೆ ಇವತ್ತಿಗೂ ಸಿಟ್ಟಿದೆ ಅಕ್ಕ," ಅಂದರು ಅವರು ಟವೆಲಿನಲ್ಲಿ ಕೈ ಒರೆಸುತ್ತಾ. "ಬಂದಿದ್ರೆ ಚೆನ್ನಾಗಿರ್ತಿತ್ತು. ಅವನ ಹಾಡು ನಮ್ಮ ಹಾಡಿನ ಸಮ ಅಂತ ನಾನು ಯಾವತ್ತೂ ಒಪ್ಪಲ್ಲ." ಟವೆಲನ್ನು ಹೆಗಲಿಗೆ ಹಾಕಿಕೊಂಡು ಅವರೇ ಮುಂದುವರಿಸಿದರು. "ಫೋನಲ್ಲಿ ಏನಂದ ಗೊತ್ತಾ ಅವತ್ತು? ಕೆಳಗಡೆ ಒಬ್ರು ಇದಾರೆ ಮಗಾ, ಹಾಡಲ್ಲಿ ಸರಿಯಾದ ಜಾಗಕ್ಕೆ ಬರ್ತಾರೆ. ನೀನು ಇಪ್ಪತ್ತು ವರ್ಷದಲ್ಲಿ ಒಂದ್ಸಲ ಹಂಗೆ ಬಂದಿದ್ರೆ ಹೇಳು, ಅಂದ."

ಹೇಳಿ ನಗುತ್ತಲೇ ಗೋಡೆ ಕಡೆ ತಿರುಗಿಕೊಂಡರು. ನನ್ನ ತಳಮಳ ಅದರಿಂದ ಕಡಿಮೆಯಾಯಿತೋ ಹೆಚ್ಚಾಯಿತೋ ಹೇಳಲಾರೆ. ನನ್ನನ್ನು ನಂಬಿ ಬ್ಯಾಂಡನ್ನು ಬಿಟ್ಟವರಿಗೆ ನಾನು ಆ ಹಾಲ್‌ನಲ್ಲಿ ಕೈಕೊಟ್ಟೆನಲ್ಲ ಅಂತ ದಾರಿಯುದ್ದಕ್ಕೂ ಯೋಚನೆ.

ನಿನ್ನೆ ಹನ್ನೊಂದು ಗಂಟೆಗೆ ಪಾತ್ರೆ ತೊಳೆಯುವ ಜಾಗದಲ್ಲಿ ಸೊಪ್ಪಿನ ಮೊರ ಇಟ್ಟುಕೊಂಡು ಕೂತೆ. ಫೋನನ್ನು ನೀರು ಸಿಡಿಯದ ಹಾಗೆ ಮೇಲಿನ ಕಟ್ಟೆಯ ಮೇಲಿಟ್ಟು ಬಟ್ಟೆಯ ಹಾಡು ಹಾಕಿದೆ. ಅದೇ ಒರಟು ದನಿ. ಒಣಹಾಕಿದ್ದನ್ನು ಯಾರೋ ಎತ್ತಿಟ್ಟರು, ಮಳೆ ಬರುವ ಮೊದಲು. ಗಿಟಾರ್ ನಿಂತಿತು. ಹಾಲ್‌ನಲ್ಲಿ ಕೇಳಿದ ಕೆಮ್ಮು ನೆನಪಾಯಿತು, ಆದರೂ ಹೇಳಿದೆ. ನನಗೀಗ ಉಸಿರು ಕಡಿಮೆ, ಮೊದಲಿಗಿಂತ ನಿಧಾನ. ಅರ್ಧದಲ್ಲೇ ಅವರು ಮುಂದಿನ ಸಾಲು ಎತ್ತಿಬಿಡುತ್ತಾರೆ ಅಂತ ಗಾಬರಿಯಲ್ಲೇ ಹೇಳುತ್ತಾ ಹೋದೆ.

ಎತ್ತಲಿಲ್ಲ. ನಾನು ಮುಗಿಸುವ ತನಕ ಕಾದಿದ್ದರು.